ಮೊದಲು ಚಕ್ರ ತಿರುಗಿಸಿ ನೋಡಿ, ಎಂಜಿನ್ ಆಮೇಲೆ

ಪ್ರಶ್ನೆ: ಸರ್, ನಮ್ಮೂರು ಮಂಡ್ಯ. ಕೆಲಸ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ. ದಿನಾ ಬೈಕಲ್ಲೇ ಹೋಗಿ ಬರ್ತೀನಿ, ಹೆಚ್ಚುಕಡಿಮೆ ನೂರು ಕಿಲೋಮೀಟರ್ ಆಗುತ್ತೆ. ಗಾಡಿ 2021ರ ಸ್ಪ್ಲೆಂಡರ್ ಪ್ಲಸ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಆರ್‌ಸಿ ಇನ್ನೂ ಹಳೇ ಓನರ್ ಹೆಸರಲ್ಲೇ ಇದೆ. ಮೊದಲು 65 ಮೈಲೇಜ್ ಬರ್ತಿತ್ತು, ಈಗ 50 ದಾಟಲ್ಲ, ಪಿಕಪ್ಪೂ ಇಲ್ಲ. ಮೆಕ್ಯಾನಿಕ್ ಎಂಜಿನ್ ಬಿಚ್ಚಿ ಬೋರ್ ಮಾಡಿಸಬೇಕು ಅಂತಾರೆ. ಫ್ರೆಂಡ್ಸ್ ಸೈಲೆನ್ಸರ್ ಚೇಂಜ್ ಮಾಡು, ಹಿಂದೆ ದಪ್ಪ ಟೈರ್ ಹಾಕು, ಎಲ್‌ಇಡಿ ಹಾಕು ಅಂತಾರೆ. ಪೆಟ್ರೋಲಿಗೆ ಎಥೆನಾಲ್ ಬೆರೆಸಿದ್ದೇ ಕಾರಣ ಅಂತ ಇನ್ನೊಬ್ರು. ಕೈಯಲ್ಲಿ ಹತ್ತು ಸಾವಿರ ಇದೆ. ಯಾವುದಕ್ಕೆ ಹಾಕಲಿ?

ಉತ್ತರ: ಎಂಜಿನ್ ಬಿಚ್ಚೋಕೆ ಈಗಲೇ ಒಪ್ಪಬೇಡಿ. ಹೊಗೆ ಬರುತ್ತಿದೆ ಅಂತ ನೀವು ಎಲ್ಲೂ ಬರೆದಿಲ್ಲ. ಆಯಿಲ್ ಕಮ್ಮಿಯಾಗುತ್ತಿದೆ ಅಂತಲೂ ಬರೆದಿಲ್ಲ. ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ), ಪಿಸ್ಟನ್ ರಿಂಗ್ ಸವೆದಿದ್ದರೆ ಇವೆರಡರಲ್ಲಿ ಒಂದಾದರೂ ಸಾಮಾನ್ಯವಾಗಿ ಕಾಣಿಸುತ್ತದೆ: ಆಕ್ಸಲರೇಟರ್ ತಿರುಗಿಸಿದಾಗ ಸೈಲೆನ್ಸರಿನಿಂದ ನೀಲಿ ಹೊಗೆ, ಇಲ್ಲವೇ ಆಯಿಲ್ ಮಟ್ಟ ನೋಡುವ ಕಡ್ಡಿಯಲ್ಲಿ, ಅಂದರೆ ಡಿಪ್‌ಸ್ಟಿಕ್‌ನಲ್ಲಿ, ವಾರವಾರಕ್ಕೆ ಇಳಿಯುವ ಆಯಿಲ್. ಅದೂ ಸಾಲದಿದ್ದರೆ ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಟೆಸ್ಟ್, ಮಾಡಿ ಅಂತ ಕೇಳಿ. ಪ್ಲಗ್ ಬಿಚ್ಚಿ ಆ ಜಾಗಕ್ಕೆ ಗೇಜ್ ಹಾಕಿ ಕಿಕ್ ಹೊಡೆದರೆ ರೀಡಿಂಗ್ ಬರುತ್ತದೆ. ಐದು ನಿಮಿಷದ ಕೆಲಸ. ರೀಡಿಂಗ್ ತೋರಿಸದೆ ಬೋರ್ ಅನ್ನುವ ಮಾತೇ ಬೇಡ.

ನಿಮ್ಮ ಗಾಡಿಯದು 97.2 ಸಿಸಿ ಎಂಜಿನ್, ಶಕ್ತಿ ಸುಮಾರು 8 ಎಚ್‌ಪಿ. ಇರುವುದೇ ಅಷ್ಟು. ದೊಡ್ಡ ಬೈಕಿನಲ್ಲಿ ಎಲ್ಲೋ ಒಂದು ಕಡೆ ಚೂರು ಬಿಗಿಯಾದರೆ ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ. ಇದರಲ್ಲಿ ಹಾಗಲ್ಲ, ಚಕ್ರ ಸ್ವಲ್ಪ ಹಿಡಿದುಕೊಂಡರೂ ಮೈಲೇಜ್ ಬೀಳುತ್ತದೆ, ಪಿಕಪ್ ಸಾಯುತ್ತದೆ. ಅದಕ್ಕೇ ನಾನು ಮೊದಲು ನೋಡುವುದು ಎಂಜಿನ್‌ನ ಹೊರಗೆ: ಚಕ್ರ, ಬ್ರೇಕ್, ಚೈನ್, ಗಾಳಿ, ಕ್ಲಚ್. ಗ್ಯಾರೇಜಿಗೆ ಇಂಥ ಕಂಪ್ಲೇಂಟ್ ಹೇಳಿಕೊಂಡು ಬರುವ ಗಾಡಿಗಳಲ್ಲಿ ಹೆಚ್ಚಿನವು ಇಷ್ಟರಲ್ಲೇ ಸರಿಹೋಗುತ್ತವೆ.

ಎಥೆನಾಲ್ ವಿಷಯ ಮೊದಲೇ ಮುಗಿಸಿಬಿಡೋಣ. ಮಂಡ್ಯದವರಿಗೆ ಕಬ್ಬು, ಕಾಕಂಬಿ ಬಗ್ಗೆ ನಾನೇನೂ ಹೇಳಬೇಕಿಲ್ಲ, ಬಂಕಿನಲ್ಲಿ ಬರುವ ಎಥೆನಾಲ್‌ನಲ್ಲಿ ಒಂದು ಪಾಲು ಅದರಿಂದಲೇ ಬರುವುದು. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ ಶಕ್ತಿ ಇರುತ್ತದೆ. ಹಾಗಾಗಿ ಶೇ. 20 ಬೆರೆಸಿದ ಪೆಟ್ರೋಲಿನಲ್ಲಿ ಮೈಲೇಜ್ ಸ್ವಲ್ಪ ಇಳಿಯುವುದು ನಿಜ. ಶೇ. 10ರ ಪೆಟ್ರೋಲಿಗೆ ಹೊಂದಿಸಿದ ಎರಡು ಚಕ್ರದ ಗಾಡಿಗಳಲ್ಲಿ ಶೇ. 3ರಿಂದ 4ರಷ್ಟು ಇಳಿಯುತ್ತದೆ ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಲೆಕ್ಕ ಹಾಕಿ. 65 ಇದ್ದದ್ದು 62, 63ಕ್ಕೆ ಬರಬೇಕು. 50ಕ್ಕೆ ಬಂದಿದೆ ಅಂದರೆ ಮಿಕ್ಕ ಹನ್ನೆರಡು ಕಿಲೋಮೀಟರ್ ಬೇರೆ ಎಲ್ಲೋ ಸೋರುತ್ತಿದೆ. ಒಂದು ಎಚ್ಚರಿಕೆ ಮಾತ್ರ ಇರಲಿ. ಎಥೆನಾಲ್ ನೀರು ಹೀರುತ್ತದೆ, ಅರ್ಧ ಖಾಲಿ ಟ್ಯಾಂಕಿನಲ್ಲಿ ವಾರಗಟ್ಟಲೆ ಗಾಡಿ ನಿಲ್ಲಿಸಬೇಡಿ. ದಿನಾ ಓಡಿಸುವ ನಿಮಗೆ ಆ ಚಿಂತೆ ಇಲ್ಲ.

ಮೈಲೇಜ್ ಅಳೆಯುವುದನ್ನೂ ಸರಿಯಾಗಿ ಮಾಡಿ. ನೂರು ರೂಪಾಯಿ ಪೆಟ್ರೋಲ್ ಹಾಕಿಸಿ, ಮುಳ್ಳು ಎಲ್ಲಿಗೆ ಬಂತು ಅಂತ ನೋಡುವ ಲೆಕ್ಕ ಲೆಕ್ಕವೇ ಅಲ್ಲ. ಒಂದೇ ಬಂಕಿನಲ್ಲಿ, ಸೆಂಟರ್ ಸ್ಟ್ಯಾಂಡ್ ಹಾಕಿ ಫುಲ್ ಟ್ಯಾಂಕ್ ಮಾಡಿಸಿ, ಮೀಟರ್ ಬರೆದಿಟ್ಟುಕೊಳ್ಳಿ. ಮೂರು ನಾಲ್ಕು ದಿನ ಓಡಿಸಿ ಮತ್ತೆ ಅಲ್ಲೇ ಫುಲ್ ಮಾಡಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಕೆಳಗೆ ಹೇಳುವ ಪ್ರತಿ ಕೆಲಸ ಮಾಡಿಸುವ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ಹೀಗೆ ಅಳೆದರೆ ಯಾವುದರಿಂದ ಎಷ್ಟು ಬಂತು ಅಂತ ನಿಮಗೇ ಕಾಣುತ್ತದೆ.

ಈಗ ಚಕ್ರಕ್ಕೆ ಬರೋಣ. ನನ್ನ ಅನುಮಾನ ಜಾಸ್ತಿ ಇರುವುದು ಇಲ್ಲೇ.

ಗಾಡಿ ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ ಮಾಡಿ, ಹಿಂದಿನ ಚಕ್ರವನ್ನು ಕೈಯಲ್ಲಿ ಜೋರಾಗಿ ತಿರುಗಿಸಿ ಬಿಡಿ. ಕೆಲವು ಸುತ್ತು ತಾನಾಗೇ ಸುತ್ತಿ ನಿಧಾನವಾಗಿ ನಿಲ್ಲಬೇಕು. ಅರ್ಧ ಸುತ್ತಿಗೇ ಗಕ್ ಅಂತ ನಿಂತರೆ, ಅಥವಾ ಡ್ರಮ್ ಒಳಗಿಂದ ಸರ್ ಸರ್ ಅಂತ ಒಂದೇ ಸಮ ಸದ್ದು ಬಂದರೆ ಬ್ರೇಕ್ ಹಿಡಿದುಕೊಂಡಿದೆ. ಒಂದು ಸಲ ಓಡಿಸಿಕೊಂಡು ಬಂದ ತಕ್ಷಣ ಡ್ರಮ್ ಹತ್ತಿರ ಕೈ ಒಡ್ಡಿ ನೋಡಿ, ಮುಟ್ಟಬೇಡಿ. ಬ್ರೇಕ್ ಜಾಸ್ತಿ ಹಾಕದೆ ಬಂದರೂ ಕಾವು ಹೊಡೆಯುತ್ತಿದ್ದರೆ ಅನುಮಾನವೇ ಬೇಡ. ಬ್ರೇಕ್ ಹಿಡಿದೇ ಸೈಕಲ್ ತುಳಿದ ಹಾಗೆ, ಎಂಜಿನ್ ದಿನಾ ಅದನ್ನು ಎಳೆದುಕೊಂಡು ಹೋಗುತ್ತಿದೆ.

ಇದು ಹೇಗಾಗುತ್ತದೆ ಅಂದರೆ, ತಿಂಗಳಿಗೆ ಎರಡೂವರೆ ಸಾವಿರ ಕಿಲೋಮೀಟರ್ ಓಡುವ ಗಾಡಿಯಲ್ಲಿ ಚೈನ್ ಬೇಗ ಸಡಿಲವಾಗುತ್ತದೆ, ಗ್ಯಾರೇಜಿನಲ್ಲಿ ಟೈಟ್ ಮಾಡುತ್ತಾರೆ, ಟೈಟ್ ಮಾಡುವುದು ಅಂದರೆ ಹಿಂದಿನ ಚಕ್ರವನ್ನೇ ಹಿಂದಕ್ಕೆ ಎಳೆಯುವುದು, ಚಕ್ರ ಹಿಂದಕ್ಕೆ ಹೋದಾಗ ಅದರ ಜೊತೆ ಬ್ರೇಕ್ ರಾಡೂ ಎಳೆದುಕೊಳ್ಳುತ್ತದೆ. ಅಲ್ಲಿಗೆ ಬ್ರೇಕ್ ತಾನಾಗೇ ಬಿಗಿಯಾಯಿತು. ರಾಡಿನ ತುದಿಯ ನಟ್ ಒಂದೆರಡು ಸುತ್ತು ಬಿಟ್ಟು ಪೆಡಲ್ ಪ್ಲೇ ಮತ್ತೆ ಸರಿ ಮಾಡಬೇಕು. ಗಡಿಬಿಡಿಯಲ್ಲಿ ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಪೆಡಲ್ ಎರಡರಿಂದ ಮೂರು ಸೆಂಟಿಮೀಟರ್ ಸುಮ್ನೆ ಇಳಿದು ಆಮೇಲೆ ಹಿಡಿಯಬೇಕು. ನಿಮ್ಮ ಗಾಡಿಯಲ್ಲಿ ಹಿಂದಿನ ಪೆಡಲ್ ಒತ್ತಿದರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುವ ವ್ಯವಸ್ಥೆ ಇದೆ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಅದು, ಇಲ್ಲವೇ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್, ಕಡ್ಡಾಯವಾಯಿತು. ಹಾಗಾಗಿ ಮುಂದಿನ ಚಕ್ರವನ್ನೂ ಎತ್ತಿ ತಿರುಗಿಸಿ ನೋಡಿ. ಚಕ್ರ ಎತ್ತಿದಾಗಲೇ ಹ್ಯಾಂಡಲ್ ಮೆಲ್ಲಗೆ ಎಡಕ್ಕೆ ಬಲಕ್ಕೆ ಆಡಿಸಿ. ನಡುವೆ ಕಟಕ್ ಅಂತ ಸಿಕ್ಕಿಕೊಂಡರೆ ಕೋನ್ ಸೆಟ್ (ಹ್ಯಾಂಡಲ್ ತಿರುಗಿಸುವ ಬೇರಿಂಗ್) ಹೋಗಿದೆ, ಸರ್ವಿಸ್ ರೋಡಿನ ಹಂಪುಗಳಲ್ಲಿ ಅದು ಬೇಗ ಹಾಳಾಗುತ್ತದೆ.

ಚೈನ್ ನೋಡೋಕೆ ಪೂರ್ತಿ ಕವರ್ ಬಿಚ್ಚಬೇಕಿಲ್ಲ. ಚೈನ್ ಕೇಸಿನಲ್ಲಿ ಒಂದು ಪುಟ್ಟ ರಬ್ಬರ್ ಮುಚ್ಚಳ ಇದೆ. ಅದನ್ನು ಕಿತ್ತು ಬೆರಳು ಹಾಕಿ ಚೈನನ್ನು ಮೇಲೆ ಕೆಳಗೆ ಆಡಿಸಿ. ಎರಡರಿಂದ ಮೂರು ಸೆಂಟಿಮೀಟರ್ ಆಡಿದರೆ ಸರಿ. ಚಕ್ರ ಕಾಲು ಕಾಲು ಸುತ್ತು ತಿರುಗಿಸಿ ನಾಲ್ಕು ಕಡೆ ನೋಡಿ. ಒಂದು ಕಡೆ ಜೋತುಬಿದ್ದು ಇನ್ನೊಂದು ಕಡೆ ತಂತಿಯಂತೆ ಬಿಗಿಯಾಗಿದ್ದರೆ ಆ ಚೈನಿನ ಆಯಸ್ಸು ಮುಗಿದಿದೆ. ಆಗ ಚೈನ್ ಒಂದನ್ನೇ ಹಾಕಿಸಬೇಡಿ. ಮುಂದಿನ, ಹಿಂದಿನ ಸ್ಪ್ರಾಕೆಟ್ ಸೇರಿ ಪೂರ್ತಿ ಕಿಟ್ ಹಾಕಿಸಿ, ಹಳೇ ಹಲ್ಲಿಗೆ ಹೊಸ ಚೈನ್ ಕೂತರೆ ಅದೂ ಬೇಗ ಹಾಳಾಗುತ್ತದೆ. ಅದೇ ಹೊತ್ತಿಗೆ ಹಿಂದಿನ ಚಕ್ರದ ನಡುವೆ ಜರ್ಕ್ ತಡೆಯುವ ಹಬ್ ರಬ್ಬರ್ ಕೂಡ ನೋಡಿಸಿ. ಚೈನಿಗೆ ಎಂಜಿನ್‌ನಿಂದ ಇಳಿಸಿದ ಸುಟ್ಟ ಆಯಿಲ್ ಸುರಿಯುವ ಅಭ್ಯಾಸ ನಮ್ಮ ಕಡೆ ಇದೆ. ಬೇಡ. ಸೀಮೆಎಣ್ಣೆ, ಡೀಸೆಲ್ ಯಾವುದಾದರೂ ಒಂದರಲ್ಲಿ ಒರೆಸಿ, 90 ನಂಬರ್ ಗೇರ್ ಆಯಿಲ್ ಹಚ್ಚಿ. ಮಳೆಯಲ್ಲಿ ನೆಂದ ದಿನ, ವಾಟರ್ ವಾಶ್ ಮಾಡಿಸಿದ ದಿನ ತಪ್ಪದೆ ಹಚ್ಚಿ.

ಗಾಳಿ ವಾರಕ್ಕೊಂದು ಸಲ, ಟೈರ್ ತಣ್ಣಗಿದ್ದಾಗ ನೋಡಿಸಿ. ಒಬ್ಬರೇ ಓಡಿಸುವಾಗ ಮುಂದೆ 25, ಹಿಂದೆ 28 ಪಿಎಸ್‌ಐ. ಡಬಲ್ಸ್ ಹೋಗುವಾಗ ಹಿಂದಿನದು ಜಾಸ್ತಿ ಬೇಕು, ಎಷ್ಟು ಅಂತ ಗಾಡಿಯ ಪುಸ್ತಕದಲ್ಲಿ ಬರೆದಿದೆ. ಬಂಕಿನ ಹುಡುಗ ಅಂದಾಜಿನಲ್ಲಿ ಹೊಡೆದು ಕಳಿಸಿದ ಗಾಳಿಗೆ ನೂರು ಕಿಲೋಮೀಟರ್ ಓಡಿಸಬೇಡಿ. ಒಂದು ಸಣ್ಣ ಗೇಜ್ ತಗೊಂಡು ಸೀಟ್ ಕೆಳಗೆ ಇಟ್ಟುಕೊಳ್ಳಿ.

ಇನ್ನು ಕ್ಲಚ್. ಮೈಲೇಜೂ ಇಲ್ಲ, ಪಿಕಪ್ಪೂ ಇಲ್ಲ ಅಂತ ಎರಡೂ ಒಟ್ಟಿಗೆ ಬಂದಾಗ ಇದನ್ನು ಮರೆಯಬಾರದು. ಏರಿನಲ್ಲಿ ಟಾಪ್ ಗೇರಿನಲ್ಲಿ ಆಕ್ಸಲರೇಟರ್ ಪೂರ್ತಿ ಕೊಡಿ. ಎಂಜಿನ್ ಸದ್ದು ಏರುತ್ತಿದೆ, ಗಾಡಿ ಮಾತ್ರ ಮುಂದಕ್ಕೆ ಹೋಗುತ್ತಿಲ್ಲ ಅಂದರೆ ಕ್ಲಚ್ ಜಾರುತ್ತಿದೆ. ಮೊದಲು ಲಿವರ್ ನೋಡಿ. ತುದಿಯಲ್ಲಿ ಒಂದರಿಂದ ಎರಡು ಸೆಂಟಿಮೀಟರ್ ಪ್ಲೇ ಇರಬೇಕು. ಕೇಬಲ್ ಬಿಗಿಯಿದ್ದರೆ ಪ್ಲೇಟ್‌ಗಳು ಯಾವಾಗಲೂ ಅರ್ಧ ಬಿಟ್ಟುಕೊಂಡೇ ಇರುತ್ತವೆ, ಹೊಸ ಪ್ಲೇಟ್ ಹಾಕಿಸಿದರೂ ಅದೇ ಗತಿ. ಆಮೇಲೆ ಆಯಿಲ್. ಈ ಗಾಡಿಯಲ್ಲಿ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಕಾರಿಗೆ ಹಾಕುವ ಆಯಿಲ್‌ನಲ್ಲಿ ಜಾರುವ ಗುಣ ಜಾಸ್ತಿ, ಅದನ್ನು ಹಾಕಿದರೆ ಕ್ಲಚ್ ಹಿಡಿಯುವುದಿಲ್ಲ. ಡಬ್ಬದ ಮೇಲೆ 10ಡಬ್ಲ್ಯೂ-30 (ಆಯಿಲ್‌ನ ಮಂದ) ಮತ್ತು ಜಾಸೋ ಎಂಎ (ಇಂಥ ಕ್ಲಚ್ಚಿಗೆ ಸರಿಹೋಗುತ್ತದೆ ಅನ್ನುವ ಗುರುತು) ಅಂತ ಇರಬೇಕು. ಕೆಲವು ಸ್ಕೂಟರ್ ಆಯಿಲ್‌ಗಳ ಮೇಲೆ ಎಂಬಿ ಅಂತ ಇರುತ್ತದೆ, ಅದು ಬೇಡ. ಲೂಸ್ ಆಯಿಲ್ ಬೇಡವೇ ಬೇಡ. ಎಂಜಿನ್‌ಗೆ ಹಿಡಿಯುವುದೇ ಹೆಚ್ಚುಕಡಿಮೆ ಒಂದು ಲೀಟರ್, ಅದರಲ್ಲಿ ಕಾಲು ಲೀಟರ್ ಇಳಿದರೂ ಅಪಾಯ. ಡಿಪ್‌ಸ್ಟಿಕ್ ನೋಡುವಾಗ ಸೆಂಟರ್ ಸ್ಟ್ಯಾಂಡ್ ಮೇಲೆ, ಸಮತಟ್ಟು ನೆಲದಲ್ಲಿ, ಎಂಜಿನ್ ಆಫ್ ಮಾಡಿ ಒಂದೆರಡು ನಿಮಿಷ ಬಿಟ್ಟು, ಒರೆಸಿ, ತಿರುಪಿ ಬಿಗಿ ಮಾಡದೆ ಸುಮ್ನೆ ಇಳಿಬಿಟ್ಟು ನೋಡಬೇಕು.

ಏರ್ ಫಿಲ್ಟರ್ ನಿಮ್ಮ ಗಾಡಿಯಲ್ಲಿ ಎಣ್ಣೆ ಸವರಿದ ಪೇಪರಿನದು. ಅದನ್ನು ಗಾಳಿ ಹೊಡೆದು ಕ್ಲೀನ್ ಮಾಡುವುದಲ್ಲ, ಬದಲಾಯಿಸುವುದೇ ದಾರಿ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಧೂಳು ಕುಡಿದುಕೊಂಡು ಹೋಗುವ ನಿಮ್ಮಂಥವರು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಸ್ವಲ್ಪ ಮುಂಚೆಯೇ ಬದಲಾಯಿಸಿ. ಪ್ಲಗ್ ಗ್ಯಾಪ್ 0.8ರಿಂದ 0.9 ಮಿಲಿಮೀಟರ್. ಟ್ಯಾಪೆಟ್ (ವಾಲ್ವಿನ ಗ್ಯಾಪ್) ಎಂಜಿನ್ ತಣ್ಣಗಿರುವಾಗ ಫೀಲರ್ ಗೇಜ್ ಇಟ್ಟೇ ಸೆಟ್ ಮಾಡಿಸಿ, ಕಿವಿಗೊಟ್ಟು ಮಾಡುವ ಕೆಲಸ ಅದಲ್ಲ. ನಿಮ್ಮದು ಬಿಎಸ್6, ಅಂದರೆ ಹೊಸ ಹೊಗೆ ನಿಯಮದ ಗಾಡಿ. ಇದರಲ್ಲಿ ಕಾರ್ಬೊರೇಟರ್ ಇಲ್ಲ, ಎಫ್‌ಐ ಇದೆ, ಪೆಟ್ರೋಲ್ ಎಷ್ಟು ಬೇಕು ಅಂತ ಕಂಪ್ಯೂಟರೇ ಅಳೆದು ಬಿಡುತ್ತದೆ. ಟ್ಯೂನಿಂಗ್ ಮಾಡಿ ಮೈಲೇಜ್ ಬರಿಸ್ತೀನಿ ಅಂತ ಯಾರಾದರೂ ಸ್ಕ್ರೂಡ್ರೈವರ್ ತೆಗೆದರೆ ಗಾಡಿ ವಾಪಸ್ ತಗೊಂಡು ಬನ್ನಿ. ಕೀ ಆನ್ ಮಾಡಿದಾಗ ಮೀಟರಿನಲ್ಲಿ ಎಂಜಿನ್ ಗುರುತಿನ ದೀಪ ಹತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಆರದಿದ್ದರೆ ಸ್ಕ್ಯಾನರ್ ಇರುವ ಕಡೆ ತೋರಿಸಿ. ಟ್ಯಾಂಕ್ ತಳ ಕಾಣುವವರೆಗೆ ಓಡಿಸಬೇಡಿ, ಪಂಪ್ ಟ್ಯಾಂಕಿನೊಳಗೆ ಪೆಟ್ರೋಲಿನಲ್ಲೇ ತಣ್ಣಗಾಗುವುದು.

ನಿಮ್ಮ ದಾರಿಯ ಬಗ್ಗೆಯೂ ಒಂದು ಮಾತು. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮೇನ್ ರೋಡಿನಲ್ಲಿ ಬೈಕ್ ಬಿಡುವುದಿಲ್ಲ, ನೀವೆಲ್ಲ ಸರ್ವಿಸ್ ರೋಡಿಗೆ ಬಂದಿದ್ದೀರಿ. ಪ್ರತಿ ಊರಿಗೂ ಹಂಪು, ಅಡ್ಡ ಬರುವ ದನ, ಟ್ರ್ಯಾಕ್ಟರ್, ಬಸ್ಸು. ನಿಲ್ಲುವುದು, ಮತ್ತೆ ಎಳೆಯುವುದು. ಹಂಪು ದಾಟಿದ ಮೇಲೆ ಹೋದ ಟೈಮ್ ಹಿಡಿಯೋಕೆ ಅಂತ 75ಕ್ಕೆ ಏರಿಸಿ ಮುಂದಿನ ಹಂಪಿಗೆ ಬ್ರೇಕ್ ಹೊಡೆದರೆ ಪೆಟ್ರೋಲ್ ಎಲ್ಲಾ ಬ್ರೇಕ್ ಶೂನಲ್ಲೇ ಸುಡುತ್ತದೆ. ಅದಲ್ಲದೆ 55ರಲ್ಲಿ ಎದುರಾಗುವ ಗಾಳಿಯ ತಡೆ 75ಕ್ಕೆ ಹೋಗುವಷ್ಟರಲ್ಲಿ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. 50-55ರಲ್ಲಿ ಒಂದೇ ಸಮ ಹೋಗಿ. ಮೈಸೂರು ಮುಟ್ಟೋದು ಕೆಲವು ನಿಮಿಷ ತಡ ಆಗಬಹುದು, ಅಷ್ಟೇ.

ಈಗ ಫ್ರೆಂಡ್ಸ್ ಹೇಳಿದ ಸೈಲೆನ್ಸರ್. ಈ ಸಲಹೆ ಬಂದಿರುವುದು ಎಲ್ಲಿಂದ ಅಂತ ನನಗೆ ಗೊತ್ತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಮಾಡಿತು, ನಮ್ಮ ಕಡೆಯ ಎಷ್ಟೋ ಹಿರಿಯ ಮೆಕ್ಯಾನಿಕ್‌ಗಳ ಕೈ ಪಳಗಿದ್ದು ಆ ಗಾಡಿಗಳ ಮೇಲೆ. ಅವು ಟೂ ಸ್ಟ್ರೋಕ್. ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಎಂಜಿನ್‌ನದೇ ಒಂದು ಅಂಗ. ಅದರಲ್ಲಿ ಕಾರ್ಬನ್ ಕಟ್ಟಿದರೆ ಗಾಡಿ ಎಳೆಯುವುದಿಲ್ಲ, ಸುಟ್ಟು ಕ್ಲೀನ್ ಮಾಡಿದರೆ ಮತ್ತೆ ಜೀವ ಬರುತ್ತದೆ. ಅಲ್ಲಿ ಆ ಮಾತು ನೂರಕ್ಕೆ ನೂರು ಸರಿ. ನಿಮ್ಮದು ಫೋರ್ ಸ್ಟ್ರೋಕ್, ಬಿಎಸ್6. ನಿಮ್ಮ ಎಗ್ಸಾಸ್ಟ್‌ನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ, ಜೊತೆಗೆ ಆಕ್ಸಿಜನ್ ಸೆನ್ಸರ್ ಇದೆ, ಅದರ ಮಾತು ಕೇಳಿಕೊಂಡೇ ಪೆಟ್ರೋಲ್ ಎಷ್ಟು ಬಿಡಬೇಕು ಅಂತ ತೀರ್ಮಾನವಾಗುವುದು. ಅದನ್ನು ಕಿತ್ತು ಡಬ್ ಡಬ್ ಅನ್ನುವ ಪೈಪ್ ಹಾಕಿದರೆ ಸದ್ದು ಬರುತ್ತದೆ, ಶಕ್ತಿ ಬರುವುದಿಲ್ಲ. ಪೆಟ್ರೋಲಿಗೆ 2ಟಿ (ಟೂ ಸ್ಟ್ರೋಕ್) ಆಯಿಲ್ ಬೆರೆಸಿ ಅಂತ ಹೇಳುವವರೂ ಇದ್ದಾರೆ, ಅದೂ ಆ ಕಾಲದ ಮಾತೇ. ಬೆರೆಸಬೇಡಿ.

ಕಾನೂನು ಕೂಡ ಬಿಗಿಯಾಗಿದೆ. ಕಂಪನಿ ಕೊಟ್ಟ, ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಒಪ್ಪಿಗೆ ಇಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಹಾಕಬಹುದು, ಜೈಲಿಗೂ ಅವಕಾಶ ಇದೆ. ಸದ್ದು, ಹೊಗೆಯ ಮಿತಿ ಮೀರಿದ್ದಕ್ಕೆ ಮೊದಲ ಸಲವೇ 10,000ದವರೆಗೆ. ದಂಡದ ಮಾತು ಪಕ್ಕಕ್ಕಿಡಿ. ಬೆಳಗಿನ ಶಿಫ್ಟಿಗೆ ಅಂತ ನಸುಕಿನಲ್ಲಿ ಬೀದಿಯಿಂದ ಹೊರಡುತ್ತೀರಿ, ಮಲಗಿರುವ ಮಕ್ಕಳು, ವಯಸ್ಸಾದವರು ಇರುತ್ತಾರೆ ಅಲ್ವಾ?

ದಪ್ಪ ಟೈರ್ ಬೇಡ. ನಿಮ್ಮ ಟೈರ್ ಸೈಜ್ 80/100-18. ಅದರ ಜಾಗಕ್ಕೆ 100/90-18 ಹಾಕಿದರೆ ಅಗಲ ಜಾಸ್ತಿ ಆಗುವುದು ಮಾತ್ರ ಅಲ್ಲ, ಎತ್ತರವೂ ಎರಡು ಸೆಂಟಿಮೀಟರ್ ಜಾಸ್ತಿ. ಚಕ್ರ ದೊಡ್ಡದಾದಷ್ಟೂ ಎಳೆಯೋಕೆ ಎಂಜಿನ್‌ಗೆ ಕಷ್ಟ, ಇರುವ ಪಿಕಪ್ಪೂ ಹೋಗುತ್ತದೆ. ಕಿರಿದಾದ ರಿಮ್ಮಿನಲ್ಲಿ ಅಗಲದ ಟೈರ್ ಒತ್ತಿಕೊಂಡು ಉಬ್ಬಿ ಕೂರುತ್ತದೆ, ನೆಲಕ್ಕೆ ತಾಗುವ ಜಾಗವೇನೂ ನೀವಂದುಕೊಂಡಷ್ಟು ಜಾಸ್ತಿಯಾಗಲ್ಲ. ಚೈನ್ ಕೇಸಿಗೆ ಉಜ್ಜಿದರೂ ಉಜ್ಜಬಹುದು. ಆ ದುಡ್ಡಿಗೆ ಅದೇ ಸೈಜಿನ ಒಳ್ಳೆ ಕಂಪನಿಯ ಟೈರ್ ಹಾಕಿಸಿ. ಮಳೆಯಲ್ಲಿ ರಿಂಗ್ ರೋಡಿನಲ್ಲಿ ಬ್ರೇಕ್ ಹಾಕುವಾಗ ನಿಮ್ಮನ್ನು ಕಾಪಾಡುವುದು ಅದೇ.

ಎಲ್‌ಇಡಿ ವಿಷಯದಲ್ಲಿ ನಿಮ್ಮ ಆಸೆ ನ್ಯಾಯವಾದದ್ದು. ರಾತ್ರಿ ಶಿಫ್ಟ್ ಮುಗಿಸಿ ಬರುವವರಿಗೆ ಈ 35 ವ್ಯಾಟ್ ಬೆಳಕು ಸಾಲದು, ಒಪ್ಪುತ್ತೇನೆ. ಆದರೆ ಹೆಡ್‌ಲೈಟಿನ ಡೂಮ್ ಹ್ಯಾಲೊಜೆನ್ ಬಲ್ಬಿಗೆ ಅಂತ ಮಾಡಿದ್ದು. ಅದರಲ್ಲಿ ಅಗ್ಗದ ಎಲ್‌ಇಡಿ ಬಲ್ಬ್ ಕೂರಿಸಿದರೆ ಬೆಳಕು ಚೆಲ್ಲಾಡಿ ಎದುರಿನವನ ಕಣ್ಣಿಗೆ ಹೊಡೆಯುತ್ತದೆ, ನಿಮ್ಮ ಮುಂದಿನ ಗುಂಡಿ ಕಾಣುವುದಿಲ್ಲ. ಬ್ಯಾಟರಿಯೂ ಬರೀ 3 ಎಎಚ್‌ನದು, ಅದರ ಮೇಲೆ ಎರಡು ಫಾಗ್ ಲೈಟ್ ಹೇರಿದರೆ ಒಂದು ದಿನ ಸೆಲ್ಫ್ ಕೈಕೊಡುತ್ತದೆ. ಹಳದಿಗಟ್ಟಿದ ಗ್ಲಾಸ್ ಬದಲಾಯಿಸಿ, ಹೊಸ ಬಲ್ಬ್ ಹಾಕಿ, ನೀವು ಸೀಟಿನ ಮೇಲೆ ಕೂತು ಗೋಡೆಗೆ ಬೆಳಕು ಬಿಟ್ಟು ನೋಡಿ. ಡಿಮ್ ಹಾಕಿದಾಗ ಬೆಳಕಿನ ಮೇಲಂಚು ಹೆಡ್‌ಲೈಟಿನ ಎತ್ತರಕ್ಕಿಂತ ಸ್ವಲ್ಪ ಕೆಳಗೆ ಬೀಳಬೇಕು. ಇಷ್ಟಕ್ಕೇ ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿ. ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿ. ಕಬ್ಬಿನ ಗಾಡಿಗಳಿಗೆ ಎಷ್ಟೋ ಸಲ ಹಿಂದೆ ದೀಪವೇ ಇರುವುದಿಲ್ಲ, ಅದಕ್ಕೇ ನಿಮ್ಮ ಬೆಳಕು ತಲುಪುವ ದೂರದಲ್ಲಿ ನಿಲ್ಲಿಸುವಷ್ಟೇ ಸ್ಪೀಡಿನಲ್ಲಿ ಹೋಗಿ.

ಮಾರ್ಪಾಡು ಅಂತ ಮಾಡಿಸುವುದಾದರೆ ಮೈಗೆ ಸುಖ ಕೊಡುವುದನ್ನು ಮಾಡಿಸಿ. ಸೀಟಿನ ಫೋಮ್ ಚಪ್ಪಟೆಯಾಗಿದ್ದರೆ ಗಟ್ಟಿ ಫೋಮ್ ಹಾಕಿಸಿ, ದಿನಾ ಎರಡು ಮೂರು ಗಂಟೆ ಕೂರುವ ಸೊಂಟಕ್ಕೆ ಅದೇ ದೊಡ್ಡ ಉಪಕಾರ. ಹಿಂದಿನ ಶಾಕ್ ಅಬ್ಸಾರ್ಬರ್‌ಗೆ ಐದು ಹಂತ ಇದೆ, ಡಬಲ್ಸ್ ಹೋಗುವವರು ಒಂದೆರಡು ಹಂತ ಏರಿಸಿಕೊಳ್ಳಿ, ಎರಡೂ ಕಡೆ ಒಂದೇ ಹಂತ ಇರಲಿ. ಟ್ಯೂಬ್‌ಲೆಸ್ ಟೈರ್ ಇದ್ದರೆ ಪಂಚರ್ ಕಿಟ್, ಸಣ್ಣ ಪಂಪ್. ಸೀರೆ ಗಾರ್ಡ್ ಮಾತ್ರ ಬಿಚ್ಚಬೇಡಿ. ಲುಕ್ ಬರಲ್ಲ ಅಂತ ಹುಡುಗರು ಕಿತ್ತುಹಾಕುತ್ತಾರೆ, ಅದೇ ಗಾಡಿಯಲ್ಲಿ ಅಮ್ಮನನ್ನೋ ಅಕ್ಕನನ್ನೋ ಕೂರಿಸಿಕೊಂಡು ಹೋಗುತ್ತಾರೆ, ಸೆರಗು ಚಕ್ರಕ್ಕೆ ಸಿಕ್ಕಿಕೊಳ್ಳೋಕೆ ಒಂದು ಕ್ಷಣ ಸಾಕು. ಕನ್ನಡಿಗಳೂ ಅಷ್ಟೇ, ಎರಡೂ ಇರಲೇಬೇಕು. ಗಾಡಿಗೆ ಬಂದಿರುವ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ತೆಗೆದು ಫ್ಯಾನ್ಸಿ ಪ್ಲೇಟ್ ಹಾಕಿಸಬೇಡಿ.

ನಿಮ್ಮ ಹತ್ತು ಸಾವಿರದಲ್ಲಿ ಮೊದಲು ಬ್ರೇಕ್ ಶೂ, ಆಮೇಲೆ ಚೈನ್ ಕಿಟ್, ಸವೆದಿದ್ದರೆ ಟೈರ್, ನಂತರ ಫಿಲ್ಟರ್, ಪ್ಲಗ್, ಆಯಿಲ್, ಬಲ್ಬ್, ಕೊನೆಗೆ ಸೀಟು. ಇಷ್ಟೂ ಅದರೊಳಗೆ ಆಗುತ್ತದೆ. ಬ್ರೇಕ್ ಸಡಿಲ ಮಾಡಿ, ಚೈನ್, ಗಾಳಿ, ಕ್ಲಚ್ ಪ್ಲೇ ಸರಿ ಮಾಡಿ ಮತ್ತೆ ಫುಲ್ ಟ್ಯಾಂಕ್ ಲೆಕ್ಕ ಹಾಕಿ. 60ರ ಹತ್ತಿರ ಬಂದರೆ ಎಂಜಿನ್ ಮುಟ್ಟಲೇಬೇಡಿ.

ಒಂದು ಸಾವಿರವನ್ನಾದರೂ ಆರ್‌ಸಿಗೆ ತೆಗೆದಿಡಿ. ನೀವು ಪ್ರಶ್ನೆಯಲ್ಲಿ ಒಂದೇ ಮಾತಲ್ಲಿ ಹೇಳಿ ಮುಂದೆ ಹೋಗಿದ್ದೀರಿ, ನನಗೆ ಮಾತ್ರ ಓದಿದಾಗಿಂದ ಚಿಂತೆ ಅದೇ. ಕೊಂಡವರು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು ಅಂತ ನಿಯಮ. ಗಾಡಿಯಿಂದ ಯಾರಿಗಾದರೂ ಪೆಟ್ಟಾದರೆ, ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆ ಅವರದ್ದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅಂದರೆ ನಿಮಗೆ ಗಾಡಿ ಮಾರಿದ ಆ ಮನುಷ್ಯ, ಏನೂ ಮಾಡದೆ, ಕೋರ್ಟಿಗೆ ಅಲೆಯಬೇಕಾಗುತ್ತದೆ. ನಿಮ್ಮ ಗಾಡಿಗೆ ಡ್ಯಾಮೇಜ್ ಆದರೂ ಇನ್ಶೂರೆನ್ಸ್ ಹೆಸರು ಬದಲಾಗದೆ ಕ್ಲೇಮ್ ಸಿಗುವುದು ಕಷ್ಟ. ಫಾರಂ 29 ಮತ್ತು 30ಕ್ಕೆ ಮಾರಿದವರ ಸಹಿ ಬೇಕು. ಲೋನ್ ಇದ್ದ ಗಾಡಿಯಾಗಿದ್ದರೆ ಬ್ಯಾಂಕಿನ ಎನ್‌ಒಸಿಯೂ ಬೇಕು. ಅವರ ಫೋನ್ ನಂಬರ್ ನಿಮ್ಮ ಹತ್ತಿರ ಇರುವಾಗಲೇ, ಅವರು ಊರಲ್ಲೇ ಇರುವಾಗಲೇ, ಈ ಭಾನುವಾರವೇ ಹೋಗಿ ಸಹಿ ಹಾಕಿಸಿಕೊಂಡು ಬನ್ನಿ.